ಏಳರ ಬೆನ್ನು

ಮತ್ತೆ ಟಿಕ್ ಟಿಕ್, ಆಮೇಲೊಂದು ನಿಟ್ಟುಸಿರು, ಕಿಟಕಿಯ ಕೆಳಗಿನ ಹಳೆಯ ಹೀಟರಿನದು, ಮೂವತ್ತೈದು ವರ್ಷದಿಂದ ಇದೇ ಕೋಣೆ, ಇದೇ ನಿಟ್ಟುಸಿರು, ರಿಪೇರಿ ಮಾಡಿಸಬೇಕೆಂದು ಪ್ರತಿ ಚಳಿಗಾಲದಲ್ಲೂ ಅಂದುಕೊಂಡದ್ದೇ ಬಂತು, ಇನ್ನು ಮೇ ತಿಂಗಳಿಗೆ ನಿವೃತ್ತಿ, ಮುಂದೆ ಬರುವವರು ಯಾರಾದರೂ ಮಾಡಿಸಿಕೊಳ್ಳಲಿ — ಲೋರ್ನಾ ಹಾಗ್‌ಲಂಡ್ ಮೇಜಿನಡಿ ಕಾಲು ಚಾಚಿದಳು, ಬೂಟಿಗೆ ಮೆತ್ತಿದ್ದ ಹಿಮ ಕರಗಿ ಕಾಲುಚೀಲದವರೆಗೂ ಇಳಿದಿದೆ, ಮಾರ್ಚ್ ಮುಗಿಯುತ್ತ ಬಂದರೂ ಡುಲೂತಿನ ಹಿಮಕ್ಕೆ ಹೋಗುವ ಮನಸ್ಸಿಲ್ಲ, ಸರೋವರದ ಗಾಳಿಗೆ ಬೆಳಿಗ್ಗೆಯಿಂದ ಕಿವಿನೋವು, ಮಧ್ಯಾಹ್ನದ ಸೂಪು ಎದೆಯಲ್ಲೇ ನಿಂತಿದೆ, ಏಲಕ್ಕಿ ವಾಸನೆ ಎಲ್ಲಿಂದ, ಓ, ಆ ಹೆಣೆದ ಬ್ರೆಡ್ಡು, ಹಿಂದಿನ ಸಾಲಿನಲ್ಲಿ ಕೋಟು ಬಿಚ್ಚದೆ ಕೂತಿರುವ ಹೆಂಗಸು ತಂದದ್ದು, ಆನೆಲಿಯ ತಾಯಿ, ಹಿಬ್ಬಿಂಗಿನಿಂದ ಒಂದೂವರೆ ಗಂಟೆ ಹಿಮದಲ್ಲಿ ಕಾರು ಓಡಿಸಿಕೊಂಡು ಬಂದು ಬಾಗಿಲಲ್ಲೇ ಕೈ ಹಿಡಿದುಕೊಂಡಿದ್ದಳು, ನೀವೇ ಅಲ್ವಾ ಪ್ರೊಫೆಸರು, ಐದು ವರ್ಷದಿಂದ ನಿಮ್ಮ ಹೆಸರು ಬಾರದೆ ನಮ್ಮನೇಲಿ ಒಂದು ಊಟ ಮುಗಿದಿಲ್ಲ, ನಾನು ಐಲಿ, ಸ್ಕೂಲ್ ಬಸ್ ಓಡಿಸ್ತೀನಿ, ಇವತ್ತು ರಜೆ ಹಾಕಿ ಬಂದೆ. ಕೈ ಒರಟಾಗಿತ್ತು, ಬೆಚ್ಚಗಿತ್ತು, ಲೋರ್ನಾಗೆ ಬಿಡಿಸಿಕೊಳ್ಳಲು ಆತುರವಾಗಿತ್ತು, ಯಾಕೆ ಆತುರ, ಯಾಕೆಂದು ಚೆನ್ನಾಗಿ ಗೊತ್ತು. ಪರದೆಯ ಪಕ್ಕ ಆನೆಲಿ ತೊರ್ವಿನೆನ್ ನಿಂತಿದ್ದಾಳೆ, ಮೂವತ್ತೊಂದು ವರ್ಷ, ಇಸ್ತ್ರಿ ಮಾಡಿದ ನೀಲಿ ಅಂಗಿ, ಇವತ್ತು ಅವಳ ಮನಶ್ಶಾಸ್ತ್ರದ ಡಾಕ್ಟರೇಟಿನ ಕೊನೆಯ ಪರೀಕ್ಷೆ, ಬರೆದ ಮಹಾಪ್ರಬಂಧವನ್ನು ಎಲ್ಲರೆದುರು ನಿಂತು ಸಮರ್ಥಿಸಿಕೊಳ್ಳಬೇಕು, ನಾಲ್ಕು ಗಂಟೆಗೆ ಮಾರ್ಗದರ್ಶಕಿ ಲೋರ್ನಾ ಸೇರಿ ಮೂವರು ಪರೀಕ್ಷಕರು ಸಹಿ ಹಾಕಬೇಕು, ಸಹಿ ಬಿದ್ದರೆ ಸಸ್ಕಟೂನಿನ ಕಾಲೇಜಿನಲ್ಲಿ ಕಾದಿರುವ ಕೆಲಸ ಅವಳದು, ಬೀಳದಿದ್ದರೆ ಇಲ್ಲ. ಸಹಿಯ ಹಾಳೆ ಲೋರ್ನಾಳ ಮುಂದೆಯೇ ಇದೆ. ಪಕ್ಕದಲ್ಲಿ ಪೆನ್ನು.

ಪರದೆಯ ಮೇಲೆ ನಾಲ್ಕು ಕಾರ್ಡು. ಹಕ್ಕಿ, ಮೀನು, ನಾಲ್ಕು, ಏಳು. ಕಣ್ಣು ಮುಚ್ಚಿದರೂ ಕಾಣುವ ನಾಲ್ಕು ಕಾರ್ಡು, ಆನೆಲಿಯ ದನಿ ಬರುತ್ತಿದೆ, ಪ್ರತಿ ಕಾರ್ಡಿಗೂ ಒಂದು ಬದಿ ಚಿತ್ರ ಇನ್ನೊಂದು ಬದಿ ಸಂಖ್ಯೆ, ನಿಯಮ ಏನಪ್ಪಾ ಅಂದ್ರೆ, ಒಂದು ಬದಿ ಹಕ್ಕಿ ಇದ್ರೆ ಹಿಂದೆ ಸಮಸಂಖ್ಯೆ ಇರಬೇಕು, ನಿಯಮ ನಿಜವೋ ಸುಳ್ಳೋ ತಿಳಿಯೋಕೆ ಯಾವ ಯಾವ ಕಾರ್ಡು ತಿರುಗಿಸಿ ನೋಡಬೇಕು, ಬೆರಳಿಟ್ಟು ತೋರಿಸಿ, ಅಷ್ಟೆ. ಅಷ್ಟೆ, ಅಷ್ಟರಲ್ಲೇ ಒಂದು ಆಯುಷ್ಯ ಹೋಯಿತು — ಜನ ಹಕ್ಕಿ ತೋರಿಸುತ್ತಾರೆ, ಸರಿ, ಆಮೇಲೆ ನಾಲ್ಕು ತೋರಿಸುತ್ತಾರೆ, ತಪ್ಪು, ನಾಲ್ಕರ ಹಿಂದೆ ಮೀನಿದ್ದರೂ ನಿಯಮಕ್ಕೇನೂ ಆಗುವುದಿಲ್ಲ, ಏಳನ್ನು ಮಾತ್ರ ಯಾರೂ ಮುಟ್ಟುವುದಿಲ್ಲ, ಏಳರ ಹಿಂದೆ ಹಕ್ಕಿ ಕೂತಿದ್ದರೆ ಅಲ್ಲಿಗೆ ನಿಯಮ ಮಣ್ಣುಪಾಲು, ನಿಯಮ ಸುಳ್ಳೆಂದು ಹೇಳಬಲ್ಲ ಕಾರ್ಡನ್ನು ಮನುಷ್ಯ ತಿರುಗಿಸುವುದಿಲ್ಲ, ವಕೀಲರಾಗಲಿ, ಪಾದ್ರಿಗಳಾಗಲಿ, ಗಣಿತದ ಮೇಷ್ಟ್ರುಗಳಾಗಲಿ. ಯಾಕೆ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಪುರಾಣ, ತಲೆಯೊಳಗೆ ತರ್ಕದ ಸೂತ್ರಗಳು ಹುಟ್ಟುವಾಗಲೇ ಬಂದಿವೆ, ಬಳಸಲು ಬಾರದಷ್ಟೆ ಎಂದವರು ಒಬ್ಬರು, ಸೂತ್ರವೂ ಇಲ್ಲ ಮಣ್ಣೂ ಇಲ್ಲ, ಮನಸ್ಸು ಪುಟ್ಟ ಪುಟ್ಟ ಚಿತ್ರಗಳನ್ನು ಕಟ್ಟಿಕೊಂಡು ಅವನ್ನು ನೋಡಿ ತೀರ್ಮಾನಿಸುತ್ತದೆ ಎಂದವರು ಇನ್ನೊಬ್ಬರು, ಪಕ್ಕದಲ್ಲಿ ಕೂತು ಬ್ರೆಡ್ಡಿನ ಪುಡಿಯನ್ನು ಗಡ್ಡದಿಂದ ಒರೆಸಿಕೊಳ್ಳುತ್ತಿರುವ ಎರಡನೆಯ ಪರೀಕ್ಷಕ ಗ್ಯಾರಿಕ್ ಪೋಲ್ ತಲೆಯೊಳಗೆ ಎರಡು ಮನಸ್ಸಿವೆ ಎನ್ನುವವನು, ಒಂದು ಕುದುರೆ ಒಂದು ಎತ್ತು, ಕುದುರೆ ಓಡಿ ಉತ್ತರ ಹೇಳಿಬಿಡುತ್ತೆ, ಎತ್ತು ಏಳೋದೇ ಇಲ್ಲ ಮಾರಾಯ್ತಿ ಎನ್ನುತ್ತಾನೆ ಪ್ರತಿ ಕ್ರಿಸ್‌ಮಸ್ ಊಟದಲ್ಲೂ, ಮೂರನೆಯ ಪರೀಕ್ಷಕ ವಿನಿಪೆಗ್‌ನಿಂದ ಲ್ಯಾಪ್‌ಟಾಪಿನ ತೆರೆಯ ಮೇಲೆ ಬಂದಿದ್ದಾನೆ, ಅವನ ಪ್ರಕಾರ ಯೋಚನೆ ಎಂಬುದು ಹುಟ್ಟಿದ್ದೇ ಜಗಳ ಗೆಲ್ಲಲು, ನಿಜ ಹುಡುಕಲು ಅಲ್ಲ. ಮತ್ತೆ ಲೋರ್ನಾಳದು, ಒಂಟಿ ಚಿತ್ರದ ಸಿದ್ಧಾಂತ, ಮನಸ್ಸು ಒಂದು ಚಿತ್ರ ಕಟ್ಟಿ ಸುಸ್ತಾಗಿ ಕೂತುಬಿಡುತ್ತದೆ, ತಾನು ತಪ್ಪಾಗಿರಬಹುದಾದ ಇನ್ನೊಂದು ಚಿತ್ರವನ್ನು ಯಾರೂ ತಾವಾಗಿ ಕಟ್ಟುವುದಿಲ್ಲ, ಯಾರೂ. ಆ ಯಾರೂ ಎಂಬ ಪದದ ಮೇಲೆ ಪುಸ್ತಕ, ಪದವಿ, ಈ ಕುರ್ಚಿ, ಎಲ್ಲ.

ಯಾರೂ ಎಂದಾಗಲೆಲ್ಲ ಆ ಬೆರಳು. ಕುದಿನೀರಿಗೆ ಬೆಂದು ಬೆಂದು ಕೆಂಪಾದ ಬೆರಳು, ಉಗುರಿನ ಸುತ್ತ ಚರ್ಮ ಸುಲಿದದ್ದು, ಏಳರ ಮೇಲೆ. ಸಾವಿರದ ಒಂಬೈನೂರ ಎಂಬತ್ತೊಂಬತ್ತು, ಇದೇ ಕೋಣೆ, ಆಗ ಗೋಡೆ ಹಸಿರು, ಲೋರ್ನಾಗೆ ಆಗ ಇವತ್ತಿನ ಆನೆಲಿಯ ವಯಸ್ಸು, ಶಾಲೆಯ ಅಡುಗೆಮನೆಯ ನೋಟಿಸ್ ಹಲಗೆಗೆ ಚೀಟಿ ಅಂಟಿಸಿ ಬಂದಿದ್ದಳು, ಪ್ರಯೋಗಕ್ಕೆ ಜನ ಬೇಕು, ಕಾಫಿ ಡೋನಟ್ ಕೊಡುತ್ತೇವೆ, ಬಂದವಳು ವರ್ನಾ, ಅಡುಗೆಯವಳು, ಐವತ್ತು ದಾಟಿದವಳು, ಅಡುಗೆಮನೆಯಲ್ಲಿ ಕೂದಲಿಗೆ ಹಾಕುವ ಬಲೆ ತಲೆಯ ಮೇಲೆ ಹಾಗೇ ಇತ್ತು, ಕುರ್ಚಿಯಲ್ಲಿ ಕೂತು ನಿಯಮ ಎರಡು ಸಲ ಓದಿಸಿಕೊಂಡು, ಹಕ್ಕಿಯ ಮೇಲೆ ಒಂದು ಬೆರಳಿಟ್ಟು, ಸೀದಾ ಏಳರ ಮೇಲೆ ಇನ್ನೊಂದು, ತಡವಿಲ್ಲ, ತಡಕಾಟವಿಲ್ಲ, ಯಾಕಮ್ಮಾ ಎಂದರೆ, ಇನ್ನೆಲ್ಲಿ ನೋಡ್ತಾರೆ, ಚೆನ್ನಾಗಿರೋ ಹಾಲಿನ ಡಬ್ಬ ಮೂಸಿ ಏನು ಮಾಡಲಿ, ಕೆಟ್ಟಿರಬಹುದಾದ್ದನ್ನ ಮೂಸಬೇಕು, ಮುನ್ನೂರು ಮಕ್ಕಳು ಕುಡಿಯೋದು. ಹಾಗೆನ್ನುತ್ತ ಏಳನ್ನು ಎತ್ತಿ ತಿರುಗಿಸಿಯೇಬಿಟ್ಟಳು. ತಿರುಗಿಸಬಾರದು, ಬೆರಳಿಟ್ಟು ತೋರಿಸಬೇಕು ಅಷ್ಟೆ, ಸೂಚನೆಯಲ್ಲಿ ಸ್ಪಷ್ಟವಾಗಿ ಬರೆದಿದೆ, ಈ ವಿದ್ಯೆಯವರು ಯಾರೂ ತಿರುಗಿಸಲು ಬಿಡುವುದಿಲ್ಲ, ಬಿಡುವುದಿಲ್ಲವಾದ್ದರಿಂದ ಹಿಂದೆ ಏನನ್ನೂ ಬರೆಯುವುದೂ ಇಲ್ಲ. ಏಳರ ಬೆನ್ನು ಖಾಲಿ. ವರ್ನಾ ಅದನ್ನು ಬೆಳಕಿಗೆ ಹಿಡಿದು ನೋಡಿದಳು, ಇದ್ರ ಹಿಂದೆ ಏನೂ ಇಲ್ವಲ್ಲಮ್ಮ, ಅಂದಳು, ನಕ್ಕಳು, ಹಲ್ಲಿಗೆ ಡೋನಟ್ಟಿನ ಸಕ್ಕರೆ ಅಂಟಿತ್ತು, ಯಾರೂ ನೋಡಲ್ಲ ಅಂತ ಗೊತ್ತಿದ್ದು ಇಟ್ಟಿದೀಯ ನೋಡು ನೀನು. ಲೋರ್ನಾಗೆ ಮೈ ಉರಿದಿತ್ತು. ವರ್ನಾ ಹೋದ ಮೇಲೆ ಅವಳ ಉತ್ತರದ ಹಾಳೆಯ ಮೂಲೆಯಲ್ಲಿ ಬರೆದಳು, ಸೂಚನೆ ಮೀರಿದ್ದಾರೆ. ಪಕ್ಕಕ್ಕಿಟ್ಟಳು.

ಹನ್ನೊಂದು ಜನ. ಅರವತ್ತರಲ್ಲಿ ಹನ್ನೊಂದು ಜನ ಹಾಗೆ ಎತ್ತಿ ತಿರುಗಿಸಿದರು, ಅಡುಗೆಯವಳು, ಅದಿರು ಹಡಗಿನ ಎಂಜಿನ್ ನೋಡಿಕೊಳ್ಳುವವನು, ಲಿಫ್ಟ್ ರಿಪೇರಿಯವನು, ಒಬ್ಬ ಸೂಲಗಿತ್ತಿ, ಎಲ್ಲಿ ಕೈಕೊಡುತ್ತದೆ ಎಂದು ಹುಡುಕುವುದೇ ಕೆಲಸವಾದವರು, ಕೈಗೆ ಎತ್ತಿ ನೋಡಿಯೇ ಅಭ್ಯಾಸವಾದವರು, ಹನ್ನೊಂದಕ್ಕೆ ಹನ್ನೊಂದೂ ಏಳನ್ನೇ ಎತ್ತಿದ್ದರು, ಸೂಚನೆ ಮೀರಿದವರನ್ನು ಲೆಕ್ಕಕ್ಕೆ ಹಿಡಿಯಬಾರದು, ಅದು ನಿಯಮವೇ, ಸುಳ್ಳಲ್ಲ, ಯಾವ ಪ್ರಯೋಗಶಾಲೆಯಲ್ಲಿ ಕೇಳಿದರೂ ಹೌದು ಎನ್ನುತ್ತಾರೆ, ಪಕ್ಕಕ್ಕಿಡಮ್ಮ, ಎಂದಿದ್ದರು ಅವಳ ಗುರು ಬ್ರಾಂಡ್‌ವೋಲ್ಡ್ ಪೈಪು ಕೆದಕುತ್ತ, ಆ ಮನುಷ್ಯ ಎಂದೂ ತಲೆಯೆತ್ತಿ ಮಾತಾಡಿದವರಲ್ಲ, ಹನ್ನೊಂದನ್ನು ತೆಗೆದರೆ ಉಳಿದವರಲ್ಲಿ ಏಳನ್ನು ತೋರಿಸಿದವನು ಒಬ್ಬನೇ, ಯಾರೂ ಎಂದು ಬರೆಯಲು ಸಾಕಾಗುವಷ್ಟು ಒಬ್ಬ, ಆ ವರ್ಷವೇ ಕೆಲಸ ಕಾಯಂ ಆಯಿತು. ಆಮೇಲೆ ಯಾಕೆ ತೆಗೆದು ನೋಡಲಿಲ್ಲ, ನೋಡಬಹುದಿತ್ತು, ಹತ್ತು ವರ್ಷದ ಮೇಲೆ, ಇಪ್ಪತ್ತು ವರ್ಷದ ಮೇಲೆ, ಆಫೀಸಿನ ಕೆಳಗಿನ ಡ್ರಾಯರಿನಲ್ಲೇ ಇತ್ತು ಆ ಹನ್ನೊಂದು ಹಾಳೆಯ ಕವರು, ಚಪ್ಪಟೆಯಾಗಿ ಮಲಗಿತ್ತು, ಮನೆಗೆ ಹೋಗುವಾಗ ಕಾಲಿಗೆ ತಗಲುತ್ತಿತ್ತು, ಒಮ್ಮೆ ಆಫೀಸು ಬದಲಾದಾಗ ತಾನೇ ಎತ್ತಿಕೊಂಡು ಹೋಗಿ ಹೊಸ ಡ್ರಾಯರಿನಲ್ಲಿ ಇಟ್ಟಳು, ಬಿಸಾಕಲಿಲ್ಲ, ತೆರೆಯಲೂ ಇಲ್ಲ. ಮನುಷ್ಯರು ತಮ್ಮ ತಪ್ಪು ಹೇಳಬಲ್ಲ ಕಾರ್ಡನ್ನು ಯಾಕೆ ಮುಟ್ಟುವುದಿಲ್ಲ ಎಂದು ಏಳು ದೇಶಗಳಲ್ಲಿ ಉಪನ್ಯಾಸ ಕೊಟ್ಟು ಬಂದು ಅದೇ ಡ್ರಾಯರಿನ ಮೇಲೆ ಚೀಲ ಇಡುತ್ತಿದ್ದಳು. ನಾಚಿಕೆ ಆಗುತ್ತಿತ್ತೇ, ಆಗುತ್ತಿತ್ತು, ಆದರೆ ನಾಚಿಕೆಗಿಂತ ಸುಸ್ತು ಜಾಸ್ತಿ.

ಲೋರ್ನಾ, ನಿದ್ದೆ ಬಂತಾ, ಗ್ಯಾರಿಕ್ ಮೊಣಕೈಯಿಂದ ತಿವಿಯುತ್ತಿದ್ದಾನೆ, ಅವನದು ಆಯಿತು, ಕುದುರೆ ಎತ್ತಿನ ಬಗ್ಗೆ ಕೇಳಬೇಕಾದ್ದನ್ನು ಕೇಳಿದ, ಆನೆಲಿ ನಕ್ಕು ಉತ್ತರ ಹೇಳಿದಳು, ವಿನಿಪೆಗ್‌ನವನದೂ ಆಯಿತು, ಈಗ ನಿನ್ನ ಸರದಿ, ನಿನ್ನ ಹುಡುಗಿ ಅಂತ ಬಿಟ್ಟುಬಿಡಬೇಡ, ಸ್ವಲ್ಪ ನೀರು ಕುಡಿಸು. ಸ್ವಲ್ಪ ನೀರು. ಪ್ರಶ್ನೆ ಒಂದೇ ಇದೆ, ನವೆಂಬರಿನಿಂದ ಕೇಳದೆ ಉಳಿದಿದೆ — ನವೆಂಬರಿನ ಆ ಸಂಜೆ ಆನೆಲಿ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಹಾಳೆಗಳ ಕಟ್ಟು, ಪ್ರೊಫೆಸರ್, ಒಂದು ನಿಮಿಷ ಇದೆಯಾ, ತೊಂಬತ್ತರಲ್ಲಿ ಹದಿನಾಲ್ಕು ಜನ ಕಾರ್ಡು ಎತ್ತಿ ತಿರುಗಿಸಿಬಿಟ್ಟಿದಾರೆ, ಆದ್ರೆ ಎಲ್ಲಾ ಏಳನ್ನೇ, ಅವರನ್ನ ಸೇರಿಸಿದ್ರೆ ನಮ್ಮ ಫಲಿತಾಂಶ ನಿಲ್ಲಲ್ಲ, ಏನು ಮಾಡ್ಲಿ. ಲೋರ್ನಾ ತಲೆಯೆತ್ತಲಿಲ್ಲ, ಯಾರದೋ ಲೇಖನ ತಿದ್ದುತ್ತಿದ್ದಳು, ಸೂಚನೆ ಮೀರಿದವರನ್ನ ಪಕ್ಕಕ್ಕಿಡು, ಅಂದಳು, ಆದ್ರೆ ಪ್ರೊಫೆಸರ್ ಅವರು ಸರಿಯಾದ್ದನ್ನೇ, ಪಕ್ಕಕ್ಕಿಡು ಅಂದೆನಲ್ಲ. ಬಾಗಿಲು ಮುಚ್ಚಿದ ಸದ್ದು. ಆ ಮಾತು ಬ್ರಾಂಡ್‌ವೋಲ್ಡ್‌ರದು, ಬಾಯಿ ಮಾತ್ರ ತನ್ನದು, ಆ ರಾತ್ರಿ ಕನ್ನಡಿಯಲ್ಲಿ ಹಲ್ಲುಜ್ಜುವಾಗ ಅದು ಹೊಳೆದು ಬ್ರಶ್ಶು ಕೈಯಲ್ಲೇ ನಿಂತಿತ್ತು, ಮತ್ತೆ ಉಜ್ಜಿ ಮಲಗಿದಳು. ಈಗ ಕೇಳಬೇಕು, ಎಷ್ಟು ಜನರನ್ನು ತೆಗೆದೆ, ಯಾಕೆ ತೆಗೆದೆ ಎಂದು ಕೇಳಬೇಕು, ಕೇಳಿದರೆ ಗ್ಯಾರಿಕ್‌ನ ಹುಬ್ಬು ಮೇಲೇರುತ್ತದೆ, ವಿನಿಪೆಗ್‌ನವನು ಕನ್ನಡಕ ಹಾಕಿಕೊಳ್ಳುತ್ತಾನೆ, ಅರ್ಧ ಗಂಟೆಯಲ್ಲಿ ಸಸ್ಕಟೂನೂ ಇಲ್ಲ ಡಾಕ್ಟರೇಟೂ ಇಲ್ಲ, ಹಿಂದಿನ ಸಾಲಿನ ಹೆಂಗಸು ಬ್ರೆಡ್ಡಿನ ಡಬ್ಬ ಮುಚ್ಚಿಕೊಂಡು ಮನೆಗೆ ಹೋಗುತ್ತಾಳೆ, ಹುಡುಗಿಯ ಐದು ವರ್ಷ, ಹೌದು, ಹುಡುಗಿಗೋಸ್ಕರ ಕೇಳಬಾರದು — ನೋಡು, ಎಷ್ಟು ಬೇಗ ಒಂದು ಚಿತ್ರ ಕಟ್ಟಿಬಿಟ್ಟೆ, ಹುಡುಗಿಗೋಸ್ಕರವಂತೆ.

ಆನೆಲಿ, ಲೋರ್ನಾ ಶುರುಮಾಡಿದಳು, ದನಿ ಸರಿಯಾಗಿಯೇ ಬಂತು, ಕಾರ್ಡುಗಳ ಸಾಲನ್ನ ಒಬ್ಬೊಬ್ಬರಿಗೆ ಒಂದೊಂದು ರೀತಿ ಬದಲಾಯಿಸಿದೆಯಾ, ಬದಲಾಯಿಸಿದೆ ಪ್ರೊಫೆಸರ್, ಗೊತ್ತಿತ್ತು, ಬದಲಾಯಿಸಲು ತಾನೇ ಹೇಳಿಕೊಟ್ಟಿದ್ದಳು. ಹಕ್ಕಿ ಮೀನಿನ ಬದಲು ಬೇರೆ ಚಿತ್ರ ಇಟ್ಟರೂ ಇದೇ ಬರುತ್ತಾ, ಬರುತ್ತೆ, ಎರಡನೇ ಅಧ್ಯಾಯದಲ್ಲಿದೆ, ಗೊತ್ತಿತ್ತು, ಎರಡನೇ ಅಧ್ಯಾಯವನ್ನು ತಾನೇ ನಾಲ್ಕು ಸಲ ತಿದ್ದಿದ್ದಳು. ಜಾಸ್ತಿ ಸಮಯ ಕೊಟ್ಟರೆ. ವ್ಯತ್ಯಾಸ ಆಗಲ್ಲ ಪ್ರೊಫೆಸರ್. ಗೊತ್ತಿತ್ತು. ಮೂರು ಪ್ರಶ್ನೆ, ಮೂರೂ ಉತ್ತರ ಗೊತ್ತಿದ್ದವು, ಹಕ್ಕಿ, ಹಕ್ಕಿ, ಹಕ್ಕಿ, ತಿರುಗಿಸಿದ್ದನ್ನೇ ತಿರುಗಿಸುತ್ತಿದ್ದೇನೆ, ಎದುರಿಗೆ ನಿಂತವಳು ಸರಿಯುತ್ತರ ಹೇಳುತ್ತಲೇ ಯಾಕೋ ಇನ್ನಷ್ಟು ಬಿಳಿಚಿಕೊಳ್ಳುತ್ತಿದ್ದಾಳೆ, ಕಾಲ ಬಳಿ ಒಂದು ಬಟ್ಟೆಚೀಲ, ಆಗಾಗ ಪಾದದಿಂದ ಅದನ್ನು ಮುಟ್ಟಿ ನೋಡಿಕೊಳ್ಳುತ್ತಾಳೆ, ಇದೆಯೋ ಇಲ್ಲವೋ ಎನ್ನುವ ಹಾಗೆ, ಏನಿದೆ ಅದರಲ್ಲಿ, ಬದಲಿ ಬೂಟು ಇರಬೇಕು. ನನ್ನದು ಮುಗೀತು ಗ್ಯಾರಿಕ್. ಇಷ್ಟೇನಾ, ವಯಸ್ಸಾಯ್ತು ನಿಂಗೆ, ಗ್ಯಾರಿಕ್ ನಕ್ಕು ಎದ್ದ, ಪದ್ಧತಿಯ ಪ್ರಕಾರ ಸಭಿಕರ ಕಡೆ ತಿರುಗಿದ, ಯಾರಾದ್ರೂ ಏನಾದ್ರೂ ಕೇಳೋದಿದ್ಯಾ. ಯಾರೂ ಕೇಳುವುದಿಲ್ಲ, ಮೂವತ್ತೈದು ವರ್ಷದಲ್ಲಿ ಮನೆಯವರು ಯಾರೂ ಕೇಳಿದ್ದಿಲ್ಲ, ಕೋಟು ಹಾಕಿಕೊಂಡೇ ಕೂತಿರುತ್ತಾರೆ, ಕೊನೆಗೆ ಚಪ್ಪಾಳೆ ತಟ್ಟಿ ಅಳುತ್ತಾರೆ. ಸಹಿಯ ಹಾಳೆ ಹತ್ತಿರಕ್ಕೆ ಎಳೆದುಕೊಂಡಳು, ಪೆನ್ನಿನ ಮುಚ್ಚಳ ತೆಗೆದಳು, ಮನೆಗೆ ಹೋಗಿ ಕಿವಿಗೆ ಬಿಸಿ ಎಣ್ಣೆ ಬಿಟ್ಟುಕೊಳ್ಳಬೇಕು.

ನಾನೊಂದು ಕೇಳ್ಲಾ, ಹಿಂದಿನಿಂದ ದನಿ. ಐಲಿ ಎದ್ದು ನಿಂತಿದ್ದಾಳೆ, ಕೈ ಕೋಟಿನ ಜೇಬಿನಲ್ಲಿ, ಮುಖ ಕೆಂಪಗಾಗಿದೆ, ಅಮ್ಮಾ, ಎಂದಳು ಆನೆಲಿ, ಕೇಳಿ ಕೇಳಿ, ಎಂದ ಗ್ಯಾರಿಕ್ ಖುಷಿಯಿಂದ. ನಂಗೆ ಇದೆಲ್ಲಾ ತಿಳಿಯಲ್ಲ, ಮಗಳು ಹೇಳೋದು ಚಂದ ಅಂತ ಕೇಳ್ತಾ ಇದ್ದೆ, ಪರದೆ ಮೇಲೆ ಮೊದಲನೇ ಚಿತ್ರದಲ್ಲಿ ತೊಂಬತ್ತು ಜನ ಅಂತ ಬರೆದಿತ್ತು, ಕೊನೇ ಪಟ್ಟೀಲಿ ಎಪ್ಪತ್ತಾರು ಅಂತಿದೆ, ಮಿಕ್ಕ ಹದಿನಾಲ್ಕು ಜನ ಎಲ್ಲಿ ಹೋದ್ರು. ಯಾರೋ ನಕ್ಕರು. ನಗಬೇಡ್ರಪ್ಪ, ನಾನು ಬೆಳಿಗ್ಗೆ ತೊಂಬತ್ತು ಮಕ್ಕಳನ್ನ ಹತ್ತಿಸ್ಕೊಂಡು ಶಾಲೆ ಮುಂದೆ ಎಪ್ಪತ್ತಾರು ಇಳಿಸಿದ್ರೆ ನನ್ನ ಕೆಲಸ ಅವತ್ತೇ ಹೋಗುತ್ತೆ, ಖಾಲಿ ಬಸ್ಸು ಅಂತ ಗೊತ್ತಿದ್ರೂ ದಿನಾ ಕೊನೇ ಸೀಟಿನವರೆಗೆ ನಡೆದು ನೋಡ್ಕೊಂಡು ಬರ್ತೀನಿ, ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಸಲ ಒಂದು ಕೂಸು ನಿದ್ದೆ ಮಾಡ್ತಾ ಸಿಕ್ತು, ಅದಕ್ಕೇ ಕೇಳಿದೆ, ಅವರು ಏನಂದ್ರು, ಆ ಹದಿನಾಲ್ಕು ಜನ. ಹೀಟರು ಟಿಕ್ ಟಿಕ್ ಎಂದಿತು. ಆನೆಲಿ ತಾಯಿಯನ್ನು ನೋಡಲಿಲ್ಲ, ಲೋರ್ನಾಳನ್ನು ನೋಡಿದಳು, ಎಷ್ಟು ಹೊತ್ತಿನಿಂದ ನೋಡುತ್ತಿದ್ದಾಳೋ, ನವೆಂಬರಿನಿಂದ ಇರಬೇಕು, ಒಂದೇ ಒಂದು ಮಾತು ಸಾಕು, ಇದು ತಾಂತ್ರಿಕ ವಿಷಯ ಐಲಿ, ಸೂಚನೆ ಪಾಲಿಸದವರು, ಎಲ್ಲ ಕಡೆ ಹೀಗೇ ಮಾಡೋದು, ಅಷ್ಟು ಅಂದರೆ ಐಲಿ ಓ ಹೌದಾ ಎಂದು ಕೂತುಬಿಡುತ್ತಾಳೆ, ನಂಬುತ್ತಾಳೆ, ಅದೇ ಕಷ್ಟ, ನಂಬುತ್ತಾಳೆ — ಗ್ಯಾರಿಕ್ ಗಡಿಯಾರ ನೋಡುತ್ತಿದ್ದಾನೆ, ಒಳ್ಳೆ ಪ್ರಶ್ನೆ, ಆದ್ರೆ ಅದಕ್ಕೆಲ್ಲಾ ಒಂದು ನಿಯಮ ಇರುತ್ತೆ, ಅಲ್ವಾ ಲೋರ್ನಾ. ಅಲ್ವಾ ಲೋರ್ನಾ. ಹದಿನಾಲ್ಕು ಮಕ್ಕಳು ಬಸ್ಸಿನಲ್ಲೇ ಉಳಿದಿವೆ, ತನ್ನವೂ ಹನ್ನೊಂದಿವೆ, ಹಿಂದಿನ ಸೀಟಿನಲ್ಲಿ, ಚಳಿಯಲ್ಲಿ, ಮೂವತ್ತೈದು ವರ್ಷದಿಂದ ಯಾರೂ ನಡೆದು ಹೋಗಿ ನೋಡಿಲ್ಲ, ವರ್ನಾ ಬದುಕಿರಲಾರಳು, ಇದ್ದರೆ ತೊಂಬತ್ತರ ಹತ್ತಿರ, ಅವಳನ್ನೊಮ್ಮೆ ಹುಡುಕಿಕೊಂಡು ಹೋಗಿ ನೀನು ಸರಿ ಎಂದು ಹೇಳಬಹುದಿತ್ತು, ಅದಕ್ಕೂ ಸುಸ್ತು.

ಅವರು ಏನಂದ್ರು ಆನೆಲಿ, ಹೇಳು ನಿಮ್ಮಮ್ಮನಿಗೆ. ಇದು ಯಾರ ದನಿ, ತನ್ನದೇ, ಒಣಗಿದ್ದು, ನಡುವೆ ಒಡೆದದ್ದು. ಗ್ಯಾರಿಕ್‌ನ ಹುಬ್ಬು ಮೇಲೇರಿತು, ಅಂದುಕೊಂಡಿದ್ದಂತೆಯೇ, ವಿನಿಪೆಗ್‌ನವನ ಕನ್ನಡಕ, ಅಂದುಕೊಂಡಿದ್ದಂತೆಯೇ, ಅಂದುಕೊಳ್ಳದೇ ಇದ್ದದ್ದು ಆನೆಲಿಯ ಮುಖ, ಅದು ಹೆದರಲಿಲ್ಲ, ತಲೆಯ ಮೇಲಿನ ಹೊರೆ ಇಳಿಸಿದವರ ಮುಖದ ಹಾಗೆ ಮೆಲ್ಲಗೆ ಸಡಿಲವಾಯಿತು. ಹಾಳೆಗಳು ಇವೆ ಪ್ರೊಫೆಸರ್, ನೀವು ಪಕ್ಕಕ್ಕಿಡು ಅಂದ್ರಿ, ಬಿಸಾಕು ಅನ್ನಲಿಲ್ಲ, ಯಾರಾದ್ರೂ ಕೇಳ್ತಾರೇನೋ ಅಂತ ದಿನಾ ಜೊತೇಲಿ ತರ್ತಾ ಇದ್ದೆ. ಬಾಗಿ ಬಟ್ಟೆಚೀಲ ಎತ್ತಿಕೊಂಡಳು, ಬೂಟಲ್ಲ. ಸಸ್ಕಟೂನು ಹೋಯಿತು, ಪ್ರಬಂಧ ಹೋಯಿತು, ಇಲ್ಲ, ಹೋಗಬಾರದು, ಬೇರೆ ಪ್ರಬಂಧ ಬರೆಯಲಿ, ಇದಕ್ಕಿಂತ ಒಳ್ಳೆಯದು, ಆರು ತಿಂಗಳು, ಒಂದು ವರ್ಷ, ಸಸ್ಕಟೂನಿಗೆ ತಾನೇ ಫೋನು ಮಾಡಿ ಕೈಮುಗಿದು ಕೇಳಿಕೊಳ್ಳುವುದು, ಅವರು ಕಾಯಲಿಕ್ಕಿಲ್ಲ, ಆಗ ಆ ಪಾಪವೂ ತನ್ನದೇ — ಗ್ಯಾರಿಕ್, ಬರ್ಕೋ, ಪಕ್ಕಕ್ಕಿಡು ಅಂದವಳು ನಾನು, ಇವಳು ಬಂದು ಕೇಳಿದ್ದಳು, ನಾನು ತಲೆ ಎತ್ತಲಿಲ್ಲ, ಹಾಗಂತ ಬರ್ಕೋ. ಲೋರ್ನಾ, ಏನು ಹೇಳ್ತಾ ಇದೀಯ ಗೊತ್ತಾ. ಗೊತ್ತು, ನನ್ನ ಡ್ರಾಯರಿನಲ್ಲೂ ಹನ್ನೊಂದಿವೆ, ಅದನ್ನೂ ಬರ್ಕೋ. ಪೆನ್ನಿನ ಮುಚ್ಚಳ ಹಾಕಿದಳು. ಐಲಿ ಇನ್ನೂ ನಿಂತೇ ಇದ್ದಾಳೆ, ಏನೋ ಎಡವಟ್ಟಾಯಿತೆಂದು ಅವಳಿಗೆ ಹೊಳೆದಿದೆ, ಜೇಬಿನಿಂದ ಕೈ ಹೊರಗೆ ಬಂದಿದೆ, ನಾನು ಕೇಳಬಾರದಿತ್ತಾ ಮಗಳೇ, ಎನ್ನುತ್ತಿದ್ದಾಳೆ, ಆನೆಲಿ ಮೇಜಿನ ಹತ್ತಿರ ಬಂದು ಹಾಳೆಗಳನ್ನು ಇಡುತ್ತಿದ್ದಾಳೆ, ಬರಹ ಕೆಳಗೆ, ಬೆನ್ನು ಮೇಲೆ, ಪ್ರಯೋಗದ ಹಾಳೆ ಹೀಗೇ ಇಡಬೇಕೆಂದು ಕಲಿಸಿಕೊಟ್ಟವಳೂ ತಾನೇ, ಬಿಳಿ, ಅದರ ಮೇಲೆ ಬಿಳಿ, ಹದಿನಾಲ್ಕು ಬಿಳಿ, ಕಿಟಕಿಯಾಚೆ ಸರೋವರದ ಮಂಜುಗಡ್ಡೆಯೂ ಬಿಳಿ, ಲೋರ್ನಾಳ ಬೆರಳು ಮೇಲಿನ ಹಾಳೆಯ ಮೂಲೆಗೆ ಹೋಯಿತು, ಮುದಿ ಬೆರಳು, ಎಂದೂ ಕುದಿನೀರು ಕಾಣದ್ದು, ಅದರ ಪಕ್ಕದಲ್ಲೇ ಇನ್ನೊಂದು, ವರ್ನಾಳದು, ಕೆಂಪು, ಉಗುರಿನ ಸುತ್ತ ಸುಲಿದದ್ದು, ಸೀದಾ ಏಳರ ಮೇಲೆ, ಎತ್ತಿತು, ತಿರುಗಿಸಿತು, ಬೆಳಕಿಗೆ ಹಿಡಿಯಿತು, ಇದ್ರ ಹಿಂದೆ ಏನೂ ಇಲ್ವಲ್ಲಮ್ಮ, ಕೆಂಪು ಬೆರಳು, ಏಳು, ಏನೂ ಇಲ್ವಲ್ಲಮ್ಮ, ಕೆಂಪು ಬೆರಳು